ಅಂಪೈರ್ ಯಾರ ಕಡೆಯವರು ಅಂತ ಟಾಸ್‌ಗೆ ಮುಂಚೆಯೇ ಹೇಳಿಬಿಡಿ

ಮಾನ್ಯ ಸಂಪಾದಕರೇ,

ಕಳೆದ ಬೇಸಿಗೆ ರಜೆಯಲ್ಲಿ ನಡೆದ ಒಂದು ಚಿಕ್ಕ ಪಂದ್ಯದಿಂದ ಶುರು ಮಾಡುತ್ತೇನೆ. ಅದರ ಸ್ಕೋರು ನಿಮ್ಮ ಕ್ರೀಡಾ ಪುಟದಲ್ಲಿ ಬಂದಿಲ್ಲ, ಬರುವಂಥ ಪಂದ್ಯವೂ ಅಲ್ಲ. ಕನಕಪುರ ರಸ್ತೆಯಲ್ಲಿ ನೈಸ್ ರೋಡ್ ದಾಟಿ ಸ್ವಲ್ಪ ಮುಂದೆ ಹೋದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮೈದಾನಗಳು ಸಿಗುತ್ತವೆ. ಅಂಥದ್ದೊಂದರಲ್ಲಿ 14 ವರ್ಷದೊಳಗಿನವರ ಟೂರ್ನಿ. 25 ಓವರ್, ಲೆದರ್ ಬಾಲ್, ಬೆಳಿಗ್ಗೆ 7 ಗಂಟೆಗೆ ಟಾಸ್. ನನ್ನ ಮಗಳಿಗೆ 13. ಆಫ್ ಸ್ಪಿನ್ ಹಾಕುತ್ತಾಳೆ. 2024ರ ಮಾರ್ಚಿನಲ್ಲಿ ಆರ್‌ಸಿಬಿ ಹುಡುಗಿಯರು ಡಬ್ಲ್ಯೂಪಿಎಲ್ ಕಪ್ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಮಾರನೇ ದಿನವೇ ಅಕಾಡೆಮಿಗೆ ಸೇರಿಸಿ ಅಂತ ಹಟ ಹಿಡಿದವಳು ಇವಳು. ಹುಡುಗರ ಟೀಮಿನಲ್ಲೇ ಆಡುತ್ತಾಳೆ, ಹುಡುಗಿಯರದ್ದೇ ಟೀಮ್ ಮಾಡುವಷ್ಟು ಮಕ್ಕಳು ಅಲ್ಲಿ ಇಲ್ಲ.

ಅವತ್ತು ಎದುರಾಳಿಗಳಿಗೆ ಗೆಲ್ಲೋಕೆ 132 ಬೇಕಿತ್ತು. ಇವಳು ಐದು ಓವರ್ ಹಾಕಿದಳು. ಮೂರು ಸಲ ಚೆಂಡು ಪ್ಯಾಡಿಗೆ ಬಡಿಯಿತು, ಮೂರು ಸಲ ಎಲ್‌ಬಿಡಬ್ಲ್ಯೂ (ಸ್ಟಂಪಿಗೆ ಹೋಗುವ ಚೆಂಡಿಗೆ ಕಾಲು ಅಡ್ಡ ಬಂದರೆ ಔಟ್) ಅಂತ ಇಡೀ ಟೀಮ್ ಕೂಗಿತು, ಮೂರು ಸಲವೂ ಅಂಪೈರ್ ತಲೆ ಅಲ್ಲಾಡಿಸಿದರು. ಆಟದಲ್ಲಿ ಇದೆಲ್ಲ ಇದ್ದದ್ದೇ. ನಾನೂ ಸುಮ್ನೆ ನೋಡುತ್ತಾ ನಿಂತಿದ್ದೆ. ಆಮೇಲೆ ನೀರು ಕುಡಿಯೋಕೆ ಆಟ ನಿಂತಿತು. ಆಗ ಅಂಪೈರ್ ಬ್ಯಾಟ್ ಮಾಡುತ್ತಿದ್ದ ಹುಡುಗನ ಹತ್ತಿರ ಹೋಗಿ ಮೆಲ್ಲಗೆ, "ಕಾಲು ಇನ್ನೂ ಮುಂದಕ್ಕೆ ಹಾಕು ಕಂದಾ, ಮೊನ್ನೆ ನೆಟ್ಸ್‌ನಲ್ಲಿ ಹೇಳಿಕೊಟ್ಟಿದ್ದೀನಲ್ಲ" ಅಂದರಂತೆ. ಮಗಳು ಪಕ್ಕದಲ್ಲೇ ಬಾಟಲಿ ಹಿಡಿದು ನಿಂತಿದ್ದಳು. ಅವಳಿಗೆ ಕೇಳಿಸಿತು. ನಾಲ್ಕು ಬಾಲ್ ಉಳಿದಿರುವಾಗ ಅವರು ಗೆದ್ದರು.

ಮನೆಗೆ ಬರುವಾಗ ಬನಶಂಕರಿ ಸಿಗ್ನಲ್ ತನಕ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು. "ಅಪ್ಪಾ, ಆ ಅಂಪೈರ್ ಸರ್ ಅವರ ಕೋಚ್ ಅಲ್ವಾ?"

ಹೌದು, ಕೋಚೇ. ಅದು ನನಗೆ ಪಂದ್ಯ ಮುಗಿದ ಮೇಲೆ ಗೊತ್ತಾಗಿತ್ತು. ಟೂರ್ನಿ ನಡೆಸಿದ್ದು ಒಂದು ಅಕಾಡೆಮಿ. ಅದೇ ಅಕಾಡೆಮಿಯ ಟೀಮ್ ಟೂರ್ನಿಯಲ್ಲಿ ಆಡುತ್ತಿತ್ತು. ಅದೇ ಅಕಾಡೆಮಿಯ ಜೂನಿಯರ್ ಕೋಚ್ ಅಂಪೈರ್. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಯಾಕಂದ್ರೆ ಇದರಲ್ಲಿ ಮುಚ್ಚಿಡುವಂಥದ್ದು ಏನೋ ಇದೆ ಅಂತ ಅಲ್ಲಿದ್ದ ಯಾರಿಗೂ ಅನಿಸಿಯೇ ಇರಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಅಕಾಡೆಮಿ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಒಂದು ಅಕಾಡೆಮಿಯ ಮೇಲಿನ ದೂರಾಗುತ್ತದೆ. ನಾನು ನೋಡಿದ ಹಾಗೆ ಬೆಂಗಳೂರಿನಲ್ಲಿ ಮಕ್ಕಳ ಎಷ್ಟೋ ಟೂರ್ನಿಗಳು ನಡೆಯುವುದು ಹೀಗೆಯೇ. ಕ್ರಿಕೆಟ್ ಒಂದೇ ಅಲ್ಲ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಕರಾಟೆಯಲ್ಲೂ ಇದನ್ನೇ ನೋಡಿದ್ದೇನೆ. ಕರಾಟೆಯಲ್ಲಂತೂ ಪಾಯಿಂಟ್ ಕೊಡುವ ಜಡ್ಜ್, ಆಡುತ್ತಿರುವ ಮಗುವಿಗೆ ಬೆಲ್ಟ್ ಕೊಟ್ಟ ಗುರುವೇ ಆಗಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಆ ಮೂರು ಎಲ್‌ಬಿಡಬ್ಲ್ಯೂ ಔಟ್ ಆಗಿದ್ದವು ಅಂತ ನಾನು ವಾದ ಮಾಡುತ್ತಿಲ್ಲ. ನಾನು ನಿಂತಿದ್ದದ್ದು ಬೌಂಡರಿ ಹಗ್ಗದ ಹತ್ತಿರ, ಪಕ್ಕದಿಂದ. ಅಲ್ಲಿಂದ ಚೆಂಡಿನ ಲೈನ್ ಕಾಣಲ್ಲ. ಒಂದು ಮಾತ್ರ ಲೆಗ್ ಸ್ಟಂಪಿನ ಆಚೆ ಬಿದ್ದಿತ್ತು, ಹಾಗಾಗಿ ಔಟ್ ಅಲ್ಲ ಅಂತ ಮಗಳೇ ಒಪ್ಪಿಕೊಂಡಳು. ಉಳಿದೆರಡು? ಅಂಪೈರ್ ಸರಿಯಾಗಿಯೇ ಹೇಳಿರಬಹುದು. ಆದರೆ ಅವರು ಸರಿಯಾಗಿ ಹೇಳಿದರು ಅಂತ ಮಗಳಿಗೆ ನಂಬಿಸುವ ದಾರಿ ನನ್ನ ಹತ್ತಿರ ಇರಲಿಲ್ಲ. ಮಕ್ಕಳ ಪಂದ್ಯದಲ್ಲಿ ತೀರ್ಪನ್ನು ವಿಡಿಯೊ ನೋಡಿ ಮರುಪರಿಶೀಲಿಸುವ ಡಿಆರ್‌ಎಸ್ ಇಲ್ಲ, ಕ್ಯಾಮೆರಾ ಇಲ್ಲ. ಇರುವುದು ಅಂಪೈರ್ ಮಾತು ಒಂದೇ. ಆ ಮಾತಿಗೆ ಬೆಲೆ ಬರುವುದು ಅವರಿಗೆ ಎರಡೂ ಟೀಮ್ ಒಂದೇ ಅಂತ ಎಲ್ಲರಿಗೂ ಗೊತ್ತಿದ್ದಾಗ. ಅದು ಹೋದರೆ ಸರಿಯಾದ ತೀರ್ಪೂ ಹೋಯಿತು, ತಪ್ಪು ತೀರ್ಪೂ ಹೋಯಿತು, ಎರಡಕ್ಕೂ ವ್ಯತ್ಯಾಸವೇ ಉಳಿಯಲ್ಲ.

ಪಂದ್ಯ ಮುಗಿದ ಮೇಲೆ ಟೀ ಅಂಗಡಿ ಹತ್ತಿರ ಆ ಅಂಪೈರ್ ಸಿಕ್ಕರು. 26, 27 ವರ್ಷ ಇರಬಹುದು. ಡಿವಿಷನ್ ಲೀಗಿನಲ್ಲಿ ಆಡಿದವರಂತೆ. ಜಗಳಕ್ಕೆ ಹೋಗಲಿಲ್ಲ, ಮಾತಾಡಿಸಿದೆ. ಅವರೂ ಮರೆಮಾಚದೆ ಹೇಳಿದರು. "ಸರ್, ನಂಗೂ ಇಷ್ಟ ಇಲ್ಲ. ನಮ್ಮ ಹುಡುಗರು ಆಡೋ ಮ್ಯಾಚಿಗೆ ನಾನು ನಿಲ್ಲಲ್ಲ ಅಂದೆ. ಹಾಗಾದ್ರೆ ಬೇರೆ ಅಂಪೈರ್‌ಗೆ ದುಡ್ಡು ನೀನು ಕೊಡ್ತೀಯಾ ಅಂದ್ರು. ಇಲ್ಲಿ ಕೋಚಿಂಗ್ ಬಿಟ್ರೆ ರೂಮ್ ಬಾಡಿಗೆ ಕಟ್ಟೋಕೆ ಆಗಲ್ಲ." ಅವರಿಗೆ ಅಂಪೈರಿಂಗ್‌ಗೆ ಅಂತ ಬೇರೆ ಸಂಭಾವನೆಯೇ ಇರಲಿಲ್ಲ. ಕೋಚ್ ಸಂಬಳದಲ್ಲೇ ಇದೂ ಸೇರಿದ ಕೆಲಸ. ಬೆಳಿಗ್ಗೆ 7ರಿಂದ ಸಂಜೆ 5ರ ತನಕ, ಎರಡು ಪಂದ್ಯ, ಏಪ್ರಿಲ್ ಬಿಸಿಲಲ್ಲಿ ನಿಂತೇ ಇದ್ದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಸಿಟ್ಟು ಬರಬೇಕಾದದ್ದು ಅವರನ್ನು ಅಲ್ಲಿ ನಿಲ್ಲಿಸಿದವರ ಮೇಲೆ.

ಪತ್ರಿಕೆಗಳಲ್ಲಿ ಇದಕ್ಕೆ ಹಿತಾಸಕ್ತಿ ಸಂಘರ್ಷ ಅಂತ ಬರೆಯುತ್ತಾರೆ. ಆ ಪದ ಕೇಳಿದರೆ ಯಾರೋ ದೊಡ್ಡವರು ಏನೋ ದೊಡ್ಡ ಮೋಸ ಮಾಡಿದ ಹಾಗೆ ಅನಿಸುತ್ತದೆ. ನಿಜವಾಗಿ ಅದು ಎರಡು ದೋಣಿಯಲ್ಲಿ ಕಾಲಿಟ್ಟು ನಿಂತ ಸ್ಥಿತಿ, ಅಷ್ಟೇ. ನಿಂತವರು ಒಳ್ಳೆಯವರೇ ಇರಬಹುದು. ಆದರೂ ಕಾಲು ಎರಡು ದೋಣಿಯಲ್ಲಿದೆ.

ನಾವೆಲ್ಲ ಗಲ್ಲಿಯಲ್ಲಿ ಆಡುವಾಗ ಇದನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೆವು ನೆನಪಿದೆಯಾ? ಗಲ್ಲಿ ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ಇರಲಿಲ್ಲ. ಯಾಕೆ? ಬ್ಯಾಟಿಂಗ್ ಟೀಮಿನವನೇ ಅಂಪೈರ್ ಆಗಿ ನಿಲ್ಲುತ್ತಿದ್ದ, ಬೇರೆ ಜನ ಇರಲಿಲ್ಲ. ತನ್ನ ಕಡೆಯವನಿಗೆ ಅವನು ಎಲ್‌ಬಿಡಬ್ಲ್ಯೂ ಕೊಡಲ್ಲ ಅಂತ ಎಲ್ಲರಿಗೂ ಗೊತ್ತು. ಅವನನ್ನು ಯಾರೂ ಕಳ್ಳ ಅನ್ನಲಿಲ್ಲ. ಅವನ ಕೈಗೆ ಆ ಅಧಿಕಾರವನ್ನೇ ಕೊಡಲಿಲ್ಲ. ಬೌಲ್ಡ್, ಕ್ಯಾಚ್, ರನ್ ಔಟ್, ಎಲ್ಲರ ಕಣ್ಣಿಗೂ ಕಾಣುವಂಥದ್ದು ಮಾತ್ರ. ರಾಜಾಜಿನಗರದ ಅಡ್ಡರಸ್ತೆಯಲ್ಲಿ ಹತ್ತು ವರ್ಷದ ಹುಡುಗರಿಗೆ ಹೊಳೆದಿದ್ದ ಈ ವಿಷಯ, ಸಾವಿರಾರು ರೂಪಾಯಿ ಎಂಟ್ರಿ ಫೀ ತಗೊಂಡು ಟೂರ್ನಿ ನಡೆಸುವವರಿಗೆ ಹೊಳೆಯುವುದಿಲ್ಲ ಅಂದರೆ ಏನು ಹೇಳುವುದು.

ನಾನೂ ಒಂದು ಸಲ ಆ ಜಾಗದಲ್ಲಿ ನಿಂತಿದ್ದೇನೆ. ಕೆಲವು ವರ್ಷಗಳ ಹಿಂದೆ, ಆಫೀಸುಗಳ ಮಧ್ಯೆ ನಡೆಯುವ ಟೆನಿಸ್ ಬಾಲ್ ಟೂರ್ನಿಯಲ್ಲಿ ಅಂಪೈರ್ ಬರಲಿಲ್ಲ ಅಂತ ನನ್ನನ್ನು ನಿಲ್ಲಿಸಿದರು. ಆಡುತ್ತಿದ್ದ ಒಂದು ಟೀಮಿನಲ್ಲಿ ನನ್ನ ಅಕ್ಕನ ಮಗ ಇದ್ದ. ಪಕ್ಷಪಾತ ಮಾಡಬಾರದು ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಎಷ್ಟು ಗಟ್ಟಿ ಅಂದರೆ, ಮೂರನೇ ಓವರಿನಲ್ಲಿ ಬ್ಯಾಟಿಗೆ ತಾಗದ ಚೆಂಡನ್ನು ಕೀಪರ್ ಹಿಡಿದು ಕೂಗಿದಾಗ ಬೆರಳು ಎತ್ತಿಬಿಟ್ಟೆ. ಶಬ್ದ ಬಂದಿತ್ತು, ಆದರೆ ಅದು ಪ್ಯಾಡಿನದು. ಎರಡು ಸೆಕೆಂಡಿನಲ್ಲಿ ನನಗೇ ಗೊತ್ತಾಯಿತು. ಬೇರೆ ಯಾರಾದರೂ ಬ್ಯಾಟ್ ಮಾಡುತ್ತಿದ್ದರೆ ನಾನು ಔಟ್ ಕೊಡುತ್ತಿರಲಿಲ್ಲ. ಅವನು ನನ್ನವನು ಅನ್ನುವ ಕಾರಣಕ್ಕೇ ಕೊಟ್ಟೆ. ಅವನು ಏನೂ ಅನ್ನದೆ ಹೋದ. ಆ ಮುಖ ಇವತ್ತಿಗೂ ನೆನಪಿದೆ. ಸಂಬಂಧ ಇದ್ದಾಗ ಮನಸ್ಸು ಆ ಕಡೆಗೆ ಮಾತ್ರ ವಾಲುತ್ತದೆ ಅಂತಲ್ಲ, ಈ ಕಡೆಗೂ ವಾಲುತ್ತದೆ. ನೆಟ್ಟಗೆ ಮಾತ್ರ ನಿಲ್ಲಲ್ಲ. ಹಾಗಾಗಿ "ನಮ್ಮ ಕೋಚ್ ತುಂಬಾ ಪ್ರಾಮಾಣಿಕರು, ನಮ್ಮ ಹುಡುಗರಿಗೇ ಜಾಸ್ತಿ ಔಟ್ ಕೊಡ್ತಾರೆ" ಅಂತ ಆಯೋಜಕರು ಸಮಾಧಾನ ಹೇಳಿದಾಗ ನನಗೆ ಸಮಾಧಾನ ಆಗುವುದಿಲ್ಲ. ಹಾಗೆ ಔಟ್ ಆದ ಆ ಹುಡುಗರು ಏನು ತಪ್ಪು ಮಾಡಿದ್ದರು?

ಟೆಸ್ಟ್ ಕ್ರಿಕೆಟ್ ಕೂಡ ಇದನ್ನು ಒಪ್ಪಿಕೊಳ್ಳಲು ನೂರು ವರ್ಷಕ್ಕಿಂತ ಜಾಸ್ತಿ ತಗೊಂಡಿತು. ಮೊದಲೆಲ್ಲ ಯಾವ ದೇಶದಲ್ಲಿ ಪಂದ್ಯವೋ ಆ ದೇಶದವರೇ ಇಬ್ಬರು ಅಂಪೈರ್. ಪ್ರವಾಸ ಹೋದ ತಂಡಗಳೆಲ್ಲ ಗೊಣಗುತ್ತಲೇ ವಾಪಸ್ ಬರುತ್ತಿದ್ದವು. 1986ರಲ್ಲಿ ಪಾಕಿಸ್ತಾನಕ್ಕೆ ವೆಸ್ಟ್ ಇಂಡೀಸ್ ಬಂದಾಗ ಪಾಕ್ ಕ್ಯಾಪ್ಟನ್ ಇಮ್ರಾನ್ ಖಾನ್ ಹಟ ಹಿಡಿದರು, ನಾವು ಗೆದ್ದರೆ ಅಂಪೈರ್‌ನಿಂದ ಗೆದ್ದರು ಅನ್ನಬಾರದು ಅಂತ. ಲಾಹೋರ್ ಟೆಸ್ಟಿಗೆ ಹೊರಗಿನಿಂದ ಅಂಪೈರ್ ಕರೆಸಿದರು. ಬಂದವರು ಯಾರು ಗೊತ್ತಾ? ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. ಭಾರತ ಪಾಕಿಸ್ತಾನದ ನಡುವಿನ ಸಂಬಂಧ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಆದರೂ ಆ ಪಂದ್ಯದಲ್ಲಿ ಆ ಇಬ್ಬರಿಗೆ ಯಾವ ತಂಡವೂ ತಮ್ಮದಲ್ಲ, ಅಷ್ಟು ಸಾಕಾಗಿತ್ತು. 1994ರಿಂದ ಪ್ರತಿ ಟೆಸ್ಟಿಗೂ ಒಬ್ಬ ಹೊರದೇಶದ ಅಂಪೈರ್ ಅಂತ ಐಸಿಸಿ ನಿಯಮ ಮಾಡಿತು, 2002ರಿಂದ ಇಬ್ಬರೂ ಹೊರಗಿನವರೇ. ಕೋವಿಡ್ ಬಂದಾಗ ಪ್ರಯಾಣ ಕಷ್ಟ ಅಂತ ಮತ್ತೆ ಸ್ವಂತ ದೇಶದವರನ್ನು ನಿಲ್ಲಿಸಿದರು, ಅದಕ್ಕೆ ಬದಲಾಗಿ ಒಂದು ರಿವ್ಯೂ ಜಾಸ್ತಿ ಕೊಟ್ಟರು.

ಇದು ಬರೀ ಅನುಮಾನದ ಮಾತಾ ಅಂದರೆ, ಅಲ್ಲ. ಆ ಕಾಲದ ಟೆಸ್ಟ್‌ಗಳನ್ನೆಲ್ಲ ಹಾಕಿ ಲೆಕ್ಕ ಮಾಡಿದವರಿದ್ದಾರೆ. ಇಬ್ಬರೂ ಅಂಪೈರ್ ಸ್ವಂತ ದೇಶದವರಾಗಿದ್ದಾಗ ಹೊರಗಿನಿಂದ ಬಂದ ತಂಡಕ್ಕೆ ಎಲ್‌ಬಿಡಬ್ಲ್ಯೂ ಜಾಸ್ತಿ ಬೀಳುತ್ತಿತ್ತು. ಒಬ್ಬರು ಹೊರಗಿನವರಾದಾಗ ಅದು ಕಡಿಮೆಯಾಯಿತು. ಇಬ್ಬರೂ ಹೊರಗಿನವರಾದಾಗ ಆ ವ್ಯತ್ಯಾಸ ಹೋಗಿಯೇಬಿಟ್ಟಿತು. ಅಷ್ಟೂ ಅಂಪೈರ್‌ಗಳು ಕೆಟ್ಟವರಾಗಿದ್ದರು ಅಂತ ಯಾರೂ ಹೇಳಲ್ಲ. ಪ್ರಪಂಚದಲ್ಲೇ ಅತಿ ಒಳ್ಳೆಯ ಅಂಪೈರ್‌ಗಳು ಅವರು. ಅವರಿಗೇ ಹೀಗಾದರೆ ಕನಕಪುರ ರಸ್ತೆಯ ಮೈದಾನದಲ್ಲಿ ನಿಂತ ಆ ಹುಡುಗನ ಕಥೆ ಏನು?

ನಮ್ಮ ಊರಿನವರದ್ದೇ ಒಂದು ನೆನಪು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ. ಪಾಕಿಸ್ತಾನದ ಹತ್ತೂ ವಿಕೆಟ್ ಅನಿಲ್ ಕುಂಬ್ಳೆಗೆ, 74 ರನ್ನಿಗೆ. ಅವತ್ತು ನಾನು ಟಿವಿ ಮುಂದಿನಿಂದ ಏಳಲಿಲ್ಲ, ಎದ್ದರೆ ವಿಕೆಟ್ ಬೀಳಲ್ಲ ಅಂತ ಅಮ್ಮ ಊಟ ಅಲ್ಲಿಗೇ ತಂದುಕೊಟ್ಟರು. ಕುಂಬ್ಳೆ ವಿಕೆಟ್ ತೆಗೆದ ತುದಿಯಲ್ಲಿ ನಿಂತಿದ್ದವರು ಎ.ವಿ. ಜಯಪ್ರಕಾಶ್. ಅವರೂ ನಮ್ಮವರೇ, ರಣಜಿಯಲ್ಲಿ ಕರ್ನಾಟಕಕ್ಕೆ ಆಡಿದವರು. ಆಗಿನ ನಿಯಮದ ಪ್ರಕಾರ ಅದು ಪೂರ್ತಿ ಸರಿ, ಇನ್ನೊಂದು ತುದಿಯಲ್ಲಿ ವೆಸ್ಟ್ ಇಂಡೀಸ್‌ನ ಸ್ಟೀವ್ ಬಕ್ನರ್ ಇದ್ದರು. ಜಯಪ್ರಕಾಶ್ ಅವರ ತೀರ್ಪಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ಸಂಕಟ ಬೇರೆ. ಆ ಸಾಧನೆಯ ಮಾತು ಬಂದಾಗಲೆಲ್ಲ ಗಡಿಯ ಆಚೆಯಿಂದ ಯಾರಾದರೊಬ್ಬರು ಅಂಪೈರ್ ಹೆಸರು ಎತ್ತುತ್ತಾರೆ. ಕುಂಬ್ಳೆಯಂಥ ಬೌಲರ್‌ಗೆ, ಜಯಪ್ರಕಾಶ್ ಅವರಂಥ ಅನುಭವಿಗೆ ಆ ಮಾತು ಕೇಳುವ ಅಗತ್ಯ ಇರಲಿಲ್ಲ. ಆ ತುದಿಯಲ್ಲೂ ಹೊರಗಿನವರೇ ನಿಂತಿದ್ದರೆ ಕುಂಬ್ಳೆ ಆ ಹತ್ತು ವಿಕೆಟ್ ತೆಗೆಯುತ್ತಲೇ ಇದ್ದರು ಅನ್ನುವುದು ನನ್ನ ನಂಬಿಕೆ. ಸಂಬಂಧ ಇಲ್ಲದ ಅಂಪೈರ್ ಸೋತವರಿಗೆ ಎಷ್ಟು ಬೇಕೋ ಗೆದ್ದವರಿಗೂ ಅಷ್ಟೇ ಬೇಕು.

ಹೊರದೇಶಗಳ ದೊಡ್ಡ ಹಗರಣಗಳನ್ನು ನೋಡಿದರೆ ಎರಡು ಥರ ಇವೆ. ಒಂದು, ರೆಫರಿ ತಾನೇ ದುಡ್ಡಿನ ಆಟಕ್ಕೆ ಇಳಿಯುವುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಟಿಮ್ ಡೊನಾಗಿ ಅನ್ನುವ ರೆಫರಿ ತಾನು ನಡೆಸಿಕೊಡುವ ಪಂದ್ಯಗಳ ಮೇಲೇ ಬಾಜಿ ಕಟ್ಟಿ 2008ರಲ್ಲಿ 15 ತಿಂಗಳ ಜೈಲು ಶಿಕ್ಷೆ ಪಡೆದ. 2025ರ ಅಕ್ಟೋಬರಿನಲ್ಲಿ ಟರ್ಕಿಯ ಫುಟ್‌ಬಾಲ್ ಫೆಡರೇಷನ್ ತನ್ನ 571 ರೆಫರಿಗಳನ್ನು ಪರಿಶೀಲಿಸಿತು. 371 ಜನರ ಹೆಸರಲ್ಲಿ ಬೆಟ್ಟಿಂಗ್ ಖಾತೆ ಇತ್ತು, 152 ಜನ ಬಾಜಿ ಕಟ್ಟುತ್ತಲೇ ಇದ್ದರು. ಓದಿದಾಗ ತಲೆ ತಿರುಗಿತು. ಆದರೆ ಇದು ನೇರವಾದ ತಪ್ಪು, ಯಾರಿಗಾದರೂ ಅರ್ಥ ಆಗುತ್ತದೆ.

ನನಗೆ ಜಾಸ್ತಿ ಕಾಡುವುದು ಎರಡನೇ ಥರದ್ದು. ಅಲ್ಲಿ ಸಮಸ್ಯೆ ಇರುವುದು ರೆಫರಿಯನ್ನು ಯಾರು ನೇಮಿಸುತ್ತಾರೆ ಅನ್ನುವುದರಲ್ಲಿ. ಇಟಲಿಯಲ್ಲಿ 2006ರಲ್ಲಿ ಹೊರಬಂದ ಹಗರಣದಲ್ಲಿ ಯುವೆಂಟಸ್ ಫುಟ್‌ಬಾಲ್ ಕ್ಲಬ್ಬಿನ ಜನರಲ್ ಮ್ಯಾನೇಜರ್ ಲುಚಿಯಾನೊ ಮೊಜ್ಜಿ ಫೋನಿನಲ್ಲಿ ಮಾತಾಡುತ್ತಿದ್ದದ್ದು ಯಾವ ಪಂದ್ಯಕ್ಕೆ ಯಾವ ರೆಫರಿ ಅಂತ ತೀರ್ಮಾನ ಮಾಡುವವರ ಜೊತೆ. ಆ ಕ್ಲಬ್ ಎರಡು ಪ್ರಶಸ್ತಿ ಕಳೆದುಕೊಂಡು ಕೆಳಗಿನ ಡಿವಿಷನ್‌ಗೆ ಬಿತ್ತು. ಸ್ಪೇನಿನಲ್ಲಿ ಬಾರ್ಸಿಲೋನಾ ಕ್ಲಬ್ 2001ರಿಂದ 2018ರ ತನಕ ರೆಫರಿ ಸಮಿತಿಯ ಉಪಾಧ್ಯಕ್ಷ ನೆಗ್ರೇರಾ ಅವರಿಗೆ ಸಂಬಂಧಿಸಿದ ಕಂಪನಿಗಳಿಗೆ 70 ಲಕ್ಷ ಯೂರೋಗಿಂತ ಜಾಸ್ತಿ ಕೊಟ್ಟಿದ್ದು 2023ರಲ್ಲಿ ಬೆಳಕಿಗೆ ಬಂತು. ಅದು ರೆಫರಿಗಳ ಬಗ್ಗೆ ವರದಿ ಬರೆಸಿಕೊಂಡದ್ದಕ್ಕೆ ಕೊಟ್ಟ ಹಣ, ತಪ್ಪೇನೂ ಮಾಡಿಲ್ಲ ಅಂತ ಕ್ಲಬ್ ಹೇಳುತ್ತದೆ. ಇರಲಿ. ರೆಫರಿಗಳ ಮೇಲಧಿಕಾರಿಗೆ ಆಡುವ ತಂಡವೊಂದು ಹದಿನೇಳು ವರ್ಷ ದುಡ್ಡು ಕೊಟ್ಟಿದೆ. ಆ ವರ್ಷಗಳಲ್ಲಿ ಆ ತಂಡ ಆಡಿದ ಚೆಂದದ ಆಟ ನೋಡಿ ಬೆಳೆದ ನಮ್ಮ ಹುಡುಗರಿಗೆ ಈಗ ಏನು ಹೇಳೋಣ?

ಇದನ್ನೇ ಚಿಕ್ಕದು ಮಾಡಿದರೆ ನಮ್ಮ ಮಕ್ಕಳ ಟೂರ್ನಿ. ಆಡುವ ಟೀಮ್, ಟೂರ್ನಿ ನಡೆಸುವವರು, ಅಂಪೈರ್‌ಗೆ ಸಂಬಳ ಕೊಡುವವರು, ಮೂವರೂ ಒಬ್ಬರೇ.

ಇಂಗ್ಲೆಂಡಿನ ಒಂದು ಉದಾಹರಣೆ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಫುಟ್‌ಬಾಲಿನ ಪ್ರೀಮಿಯರ್ ಲೀಗ್ ರೆಫರಿಗಳು ತಾವು ಯಾವ ಕ್ಲಬ್ಬಿನ ಅಭಿಮಾನಿ ಅಂತ ಬರೆದುಕೊಡಬೇಕು. ಆ ಕ್ಲಬ್ಬಿನ ಪಂದ್ಯ ಅವರಿಗೆ ಕೊಡಲ್ಲ. ಇಷ್ಟು ಸರಳ. ಹೀಗಿದ್ದೂ 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಜೊತೆ ಆಡುವಾಗ ಲಿವರ್‌ಪೂಲ್‌ನ ಸರಿಯಾದ ಗೋಲೊಂದು ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ರೆಫರಿ) ತಪ್ಪಿನಿಂದ ರದ್ದಾಯಿತು. ವಿಎಆರ್ ಕೋಣೆಯಲ್ಲಿದ್ದವರು ಎರಡು ದಿನ ಮುಂಚೆ ಯುಎಇಗೆ ಹೋಗಿ ಅಲ್ಲಿನ ಲೀಗ್ ಪಂದ್ಯದಲ್ಲಿ ಕೆಲಸ ಮಾಡಿ ಬಂದಿದ್ದರು. ಲೀಗ್ ಪ್ರಶಸ್ತಿಗೆ ಲಿವರ್‌ಪೂಲ್ ಜೊತೆ ಪೈಪೋಟಿ ಮಾಡುವ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಮಾಲೀಕರು ಯುಎಇಯ ಅಬುಧಾಬಿಯ ರಾಜಮನೆತನದವರು. ಆ ತಪ್ಪಿಗೂ ಈ ಪ್ರಯಾಣಕ್ಕೂ ಸಂಬಂಧ ಇದೆ ಅಂತ ಯಾರೂ ತೋರಿಸಿಲ್ಲ. ಆದರೂ ವಾರಗಟ್ಟಲೆ ಅದೇ ಮಾತಾಯಿತು. ಹೋಗದೇ ಇದ್ದಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ನಮ್ಮ ಕಂಠೀರವದಲ್ಲಿ ಆಗಿದ್ದೂ ನೆನಪಾಗುತ್ತದೆ. 2023ರ ಮಾರ್ಚ್ 3. ಫುಟ್‌ಬಾಲ್ ಪಂದ್ಯದ ಎಕ್ಸ್‌ಟ್ರಾ ಟೈಮಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಹೊಡೆದ ಫ್ರೀ ಕಿಕ್ ಗೋಲಾಯಿತು. ಎದುರಾಳಿಗಳು ಇನ್ನೂ ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಗೋಡೆ ಕಟ್ಟುತ್ತಿದ್ದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟೇ ಹೋಯಿತು. ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್, ಬ್ಲಾಸ್ಟರ್ಸ್ ದೂರು ತಳ್ಳಿಹಾಕಿ 4 ಕೋಟಿ ರೂಪಾಯಿ ದಂಡ ಹಾಕಿತು. ನನ್ನ ಜೊತೆ ಕೆಲಸ ಮಾಡುವ ಕೇರಳದ ಗೆಳೆಯ ತಿಂಗಳುಗಟ್ಟಲೆ "ರೆಫರಿ ನಿಮ್ಮವರು" ಅನ್ನುತ್ತಿದ್ದ. ಅದು ನಿಯಮದ ಜಗಳ, ರೆಫರಿ ಯಾರ ಕಡೆಯವರು ಅನ್ನುವ ಜಗಳ ಅಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸೋತವನ ಮನಸ್ಸು ಹಾಗೆಯೇ. ಏನೂ ಇಲ್ಲದ ಕಡೆಯೇ ಇಷ್ಟು ಅನುಮಾನ ಹುಟ್ಟುವಾಗ, ನಿಜವಾಗಿಯೂ ಸಂಬಂಧ ಇರುವವರನ್ನು ತಂದು ನಿಲ್ಲಿಸಿದರೆ ಸೋತ ಮಕ್ಕಳು ಏನು ಅಂದುಕೊಳ್ಳಬೇಕು?

ಕೆಲವರು ಪೊಲೀಸ್ ಇದ್ದಾರೆ, ಕೋರ್ಟ್ ಇದೆ ಅನ್ನುತ್ತಾರೆ. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಪ್ರಕರಣದಲ್ಲಿ ಏನು ಹೇಳಿತು ನೋಡಿ. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ಕೆಳಗೆ ಬರುವ ವಂಚನೆ ಆಗಲ್ಲ, ಕ್ರಮ ತಗೊಳ್ಳುವುದಿದ್ದರೆ ಬಿಸಿಸಿಐ ತನ್ನ ನಿಯಮದಂತೆ ತಗೊಳ್ಳಬಹುದು ಅಂತ. ಫಿಕ್ಸಿಂಗ್ ಕಥೆಯೇ ಹೀಗಾದರೆ ಅಂಪೈರ್ ಕೋಚ್ ಆಗಿರುವುದಕ್ಕೆ ಯಾವ ಸೆಕ್ಷನ್ ಹುಡುಕೋಣ? ಆಟದವರೇ ನಿಯಮ ಮಾಡಿಕೊಳ್ಳಬೇಕು. ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿ ಹೇಳಿದ ಮೇಲೆ ಬಿಸಿಸಿಐ ನಿಯಮಾವಳಿಯಲ್ಲಿ 38ನೇ ನಿಯಮ ಬಂತು. ಒಬ್ಬರೇ ಎರಡು ಸ್ಥಾನದಲ್ಲಿ ಇರಬಾರದು ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಆಟಗಾರ, ಆಯ್ಕೆಗಾರ, ಕಾಮೆಂಟೇಟರ್ ಜೊತೆಗೆ ಪಂದ್ಯದ ಅಧಿಕಾರಿಯೂ ಆ ಪಟ್ಟಿಯಲ್ಲಿದ್ದಾರೆ, ಕ್ರಿಕೆಟ್ ಅಕಾಡೆಮಿ ಮಾಲೀಕರೂ ಇದ್ದಾರೆ. ಅದೇ ನಿಯಮದ ಕೆಳಗೆ 2019ರಲ್ಲಿ ನಮ್ಮ ರಾಹುಲ್ ದ್ರಾವಿಡ್ ಕೂಡ ವಿವರಣೆ ಕೊಡಬೇಕಾಯಿತು, ಐಪಿಎಲ್‌ನ ಚೆನ್ನೈ ತಂಡದ ಜೊತೆ ಆಗ ನಂಟಿದ್ದ ಇಂಡಿಯಾ ಸಿಮೆಂಟ್ಸ್‌ನ ಉದ್ಯೋಗ ಮತ್ತು ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ (ಎನ್‌ಸಿಎ) ಮುಖ್ಯಸ್ಥರ ಹುದ್ದೆ ಎರಡೂ ಹೇಗೆ ಅಂತ. ಅವರು ಕೊಟ್ಟರು, ದೂರು ವಜಾ ಆಯಿತು. ದ್ರಾವಿಡ್ ಅವರಂಥವರನ್ನೇ ಕೇಳಬಹುದಾದರೆ ಒಂದು ಅಕಾಡೆಮಿಯನ್ನು ಕೇಳಿದರೆ ಅವಮಾನ ಹೇಗಾಗುತ್ತದೆ? ಆದರೆ ಖಾಸಗಿ ಟೂರ್ನಿಗಳಿಗೆ ಆ ನಿಯಮ ಇಲ್ಲ. ಮಕ್ಕಳು ಆಟ ಕಲಿಯುವುದು ಅಲ್ಲೇ.

ನಾನು ಕೇಳುತ್ತಿರುವುದು ಜಾಸ್ತಿ ಏನೂ ಅಲ್ಲ. ಟೂರ್ನಿ ಶುರುವಾಗುವ ಮುಂಚೆ ವಾಟ್ಸಾಪ್ ಗ್ರೂಪಿಗೆ ಫಿಕ್ಸ್ಚರ್ ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ ಅಂಪೈರ್ ಹೆಸರು, ಅವರು ಎಲ್ಲಿ ಕೆಲಸ ಮಾಡುತ್ತಾರೆ, ಆಡುವ ಮಕ್ಕಳಲ್ಲಿ ಯಾರಾದರೂ ಅವರ ಸಂಬಂಧಿಕರು ಅಥವಾ ಶಿಷ್ಯರು ಇದ್ದಾರಾ, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಲಿ. ಟಾಸ್‌ಗೆ ಮುಂಚೆ ಎರಡೂ ಕ್ಯಾಪ್ಟನ್‌ಗಳಿಗೆ ಹೇಳಲಿ. ಸಂಬಂಧ ಇದ್ದರೆ ಆ ಪಂದ್ಯಕ್ಕೆ ನಿಲ್ಲುವುದು ಬೇಡ. ಎಂಟು ಟೀಮ್ ಇರುವ ಟೂರ್ನಿಯಲ್ಲಿ ಆರು ಟೀಮಿನ ಕೋಚ್‌ಗಳು ಆ ಹೊತ್ತಿಗೆ ಖಾಲಿ ಇರುತ್ತಾರೆ, ಒಬ್ಬರಿಗೊಬ್ಬರು ಅದಲುಬದಲು ಆದರೆ ಒಂದು ಪೈಸೆ ಖರ್ಚಿಲ್ಲ. ಅದಕ್ಕಿಂತ ಒಳ್ಳೆಯದು, ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಅಂಪೈರಿಂಗ್ ಪರೀಕ್ಷೆ ಪಾಸಾದವರನ್ನು ಕರೆಸುವುದು. ಅವರಿಗೆ ಕೊಡುವ ಹಣ ಅಕಾಡೆಮಿ ಜೇಬಿನಿಂದ ಹೋಗಬಾರದು. ಎಂಟ್ರಿ ಫೀಯಲ್ಲೇ ಅಂಪೈರ್ ಪಾಲು ಅಂತ ಬೇರೆ ತೆಗೆದಿಟ್ಟು, ಟೂರ್ನಿ ಶುರುವಾಗುವ ಮುಂಚೆಯೇ ಪೂರ್ತಿ ಕೊಟ್ಟುಬಿಡಲಿ. ಗೆದ್ದವರ ಕೈಯಿಂದ ಕವರ್ ತಗೊಳ್ಳುವ ಪರಿಸ್ಥಿತಿ ಅವರಿಗೆ ಬರಬಾರದು. ಬಿಸಿಲಲ್ಲಿ ನಿಂತವರಿಗೆ ಸರಿಯಾಗಿ ದುಡ್ಡು ಕೊಡದೆ ನಿಷ್ಪಕ್ಷಪಾತ ಬೇಕು ಅನ್ನುವುದು ನ್ಯಾಯ ಅಲ್ಲ. ಟೀಮಿಗೆ ಇನ್ನೂ ಸಾವಿರ ರೂಪಾಯಿ ಜಾಸ್ತಿ ಆದರೆ ನಾವು ಅಪ್ಪ ಅಮ್ಮಂದಿರು ಕೊಡುತ್ತೇವೆ. ಬ್ಯಾಟಿಗೆ ಎಷ್ಟು ಸಾವಿರ ಕೊಟ್ಟಿದ್ದೇವೆ, ಇದಕ್ಕೆ ಕೊಡಲ್ವಾ?

ಅಪ್ಪ ಅಮ್ಮಂದಿರಿಗೂ ಒಂದು ಮಾತು ಹೇಳಲೇಬೇಕು. ಸ್ಕೋರ್ ಬರೆಯೋಕೆ ನಾವೇ ಕೂರುತ್ತೇವೆ. ನಮ್ಮ ಮಗ ಬ್ಯಾಟ್ ಮಾಡುವಾಗ ಚೆಂಡು ಬ್ಯಾಟಿಗೆ ತಾಗದೆ ಕಾಲಿಗೆ ಬಡಿದು ಲೆಗ್ ಬೈ ಬಂದರೆ ಅವನ ಹೆಸರಿಗೇ ರನ್ ಬರೆದುಬಿಡುವವರನ್ನು ನಾನು ನೋಡಿದ್ದೇನೆ. ಎರಡೂ ಕಡೆಯಿಂದ ಒಬ್ಬೊಬ್ಬರು ಪಕ್ಕಪಕ್ಕ ಕೂತು, ಓವರ್ ಓವರ್‌ಗೂ ಪುಸ್ತಕ ತಾಳೆ ನೋಡಿದರೆ ಮುಗಿಯಿತು. ಮತ್ತೆ, ಪಂದ್ಯ ನಡೆಯುವಾಗ ಹಗ್ಗದ ಆಚೆಯಿಂದ ಅಂಪೈರ್‌ಗೆ ಕೂಗುವುದು ಬೇಡ. ಅವರು ಯಾರ ಕಡೆಯವರೂ ಅಲ್ಲ ಅಂತ ಮೊದಲೇ ಕೇಳಿ ತಿಳಿದುಕೊಂಡ ಮೇಲೆ ಅವರು ಕೊಟ್ಟದ್ದನ್ನು ಒಪ್ಪಬೇಕು, ತಪ್ಪು ಅನಿಸಿದರೂ.

ನಿಮ್ಮ ಪತ್ರಿಕೆಯಿಂದಲೂ ಒಂದು ಸಹಾಯ ಬೇಕು ಸಂಪಾದಕರೇ. ಶಾಲಾ ಪಂದ್ಯಗಳ, ವಯೋಮಿತಿ ಟೂರ್ನಿಗಳ ಸಂಕ್ಷಿಪ್ತ ಸ್ಕೋರ್ ಹಾಕುವಾಗ ಕೊನೆಯಲ್ಲಿ ಅಂಪೈರ್ ಅಥವಾ ರೆಫರಿ ಹೆಸರು ಒಂದು ಸಾಲು ಸೇರಿಸಿ. ಟೆಸ್ಟ್ ಪಂದ್ಯದ ಸ್ಕೋರ್ ಪಟ್ಟಿಯಲ್ಲಿ ಇರುತ್ತದಲ್ಲ, ಹಾಗೆ. ಹೆಸರು ಅಚ್ಚಾಗುತ್ತದೆ ಅಂತ ಗೊತ್ತಾದರೆ ಆಯೋಜಕರು ಸ್ವಲ್ಪ ಯೋಚನೆ ಮಾಡಿ ನೇಮಿಸುತ್ತಾರೆ. ಇಡೀ ದಿನ ನಿಂತು ದುಡಿದವರಿಗೆ ಅದು ಒಂದು ಗೌರವವೂ ಹೌದು.

ಈ ಭಾನುವಾರ ಮಗಳಿಗೆ ಇನ್ನೊಂದು ಟೂರ್ನಿ ಇದೆ, ಯಲಹಂಕದ ಕಡೆ. ಆಯೋಜಕರಿಗೆ ನಿನ್ನೆ ಮೆಸೇಜ್ ಹಾಕಿ, ಅಂಪೈರ್ ಯಾರು, ಅವರಿಗೆ ಯಾವ ಟೀಮಿನ ಜೊತೆಯಾದರೂ ಸಂಬಂಧ ಇದೆಯಾ ಅಂತ ಕೇಳಿದೆ. ಕೆಲವು ಪೋಷಕರು ಯಾಕೆ ಸುಮ್ನೆ ಕೆಣಕ್ತೀರಾ, ಆಮೇಲೆ ಮಗಳನ್ನ ಆಡಿಸಲ್ಲ ಅಂದರು. ಮಗಳನ್ನು ಕೇಳಿದೆ. ಕೇಳಿ ಅಪ್ಪಾ ಅಂದಳು. ಮೆಸೇಜಿಗೆ ಎರಡು ನೀಲಿ ಟಿಕ್ ಬಂದಿವೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ನಿಮ್ಮ ಓದುಗ
ರಾಜಾಜಿನಗರ, ಬೆಂಗಳೂರು